ಕಪ್ಪೆಯ ಚರ್ಮದಲ್ಲೊಂದು ಉರುಮಿ



ಕಪ್ಪೆಯ ತೇವಭರಿತ ಚರ್ಮವು ರೋಗಾಣುಗಳನ್ನು ತಡೆಯಲು ಪೆಪ್ಟೈಡ್‌ಗಳೆಂಬ ಕಿರು ಪ್ರೋಟೀನುಗಳನ್ನು ಸ್ರವಿಸುತ್ತದೆ. 2017ರಲ್ಲಿ ತಿರುವನಂತಪುರದ ರಾಜೀವ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರ ಹಾಗೂ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪಶ್ಚಿಮಘಟ್ಟದ ಕಪ್ಪೆಯೊಂದರಲ್ಲಿ ಕಂಡ ಅಂತಹ ಪೆಪ್ಟೈಡಿಗೆ, ಕಳರಿಯ ಬಳುಕುವ ಖಡ್ಗ ‘ಉರುಮಿ’ಯ ಹೆಸರಿನಿಂದ, ‘ಉರುಮಿನ್’ ಎಂದು ಹೆಸರಿಟ್ಟರು. ಎಚ್1 ಮಾದರಿಯ ಫ್ಲೂ ವೈರಸ್ಸಿನ ಮೇಲ್ಮೈ ಪ್ರೋಟೀನಿಗೆ ಅಂಟಿಕೊಂಡು ಅದು ವೈರಸ್ಸನ್ನು ಛಿದ್ರಗೊಳಿಸುತ್ತದೆ. ಪ್ರಯೋಗಾಲಯದ ಇಲಿಗಳಿಗೆ ಇದರಿಂದ ರಕ್ಷಣೆ ದೊರೆತಿದೆ; ಆದರೆ ಇಲಿಯಿಂದ ಮನುಷ್ಯನ ಔಷಧದವರೆಗಿನ ಹಾದಿ ದೀರ್ಘವಾದುದು.

ಫ್ಲೂ ಜ್ವರಕ್ಕೆ ಆ್ಯಂಟಿಬಯೋಟಿಕ್ ನಾಟದು. ವೈದ್ಯರ ಸಲಹೆಯಿಲ್ಲದೆ ಬಳಸುತ್ತಿದ್ದರೆ ಬ್ಯಾಕ್ಟೀರಿಯಾಗಳೂ ಅದಕ್ಕೆ ಬಗ್ಗದಂತಾಗುತ್ತವೆ. ಆದುದರಿಂದ ಮಕ್ಕಳ ಕೈಗೆ ನಾವು ಎರಡನ್ನು ಒಪ್ಪಿಸಬೇಕಾಗಿದೆ: ಇಂದಿನ ಔಷಧಗಳ ಶಕ್ತಿ, ನಾಳಿನ ಔಷಧಗಳು ಅಡಗಿರಬಹುದಾದ ತೋಡು, ಗದ್ದೆ, ಪಳ್ಳಗಳು. ಶಾಲೆಯ ಎರಡನೆಯ ಶತಮಾನಕ್ಕೆ ಇದೇ ನಮ್ಮ ಸಂಕಲ್ಪವಾಗಲಿ.