ಕಲೆಯೇ ಕಾಯಕ : ಗುಬ್ಬಿ ವೀರಣ್ಣನವರ ಬಾಳು

(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಶ್ರೀಮಠದ ಈ ಮಹೋತ್ಸವದಲ್ಲಿ ಶಾಸ್ತ್ರವಿಚಾರಗಳನ್ನೂ ಪುರಾತನರ ಚರಿತ್ರೆಗಳನ್ನೂ ಬಲ್ಲವರ ಬಾಯಿಂದ ತಾವು ಕೇಳಿದ್ದೀರಿ. ಅವರ ತರುವಾಯ ನಾಟಕದವರೊಬ್ಬರ ಕಥೆಯನ್ನು ಹೇಳಲು ನಾನು ಎದ್ದು ನಿಂತಿರುವುದನ್ನು ಕಂಡು ಕೆಲವರಿಗೆ ಸೋಜಿಗವಾಗಬಹುದು. ಮಠದ ಅಂಗಳಕ್ಕೂ ರಂಗದ ಹಲಗೆಗೂ ಏನು ಸಂಬಂಧ? ಇಲ್ಲಿ ಹಣೆಗೆ ವಿಭೂತಿ, ಅಲ್ಲಿ ಮುಖಕ್ಕೆ ಬಣ್ಣ. ನಾಟಕದವರಿಗೆ ಮನೆ ಬಾಡಿಗೆಗೆ ಕೊಡಲೂ ಹೆಣ್ಣು ಕೊಡಲೂ ಹಿಂಜರಿಯುತ್ತಿದ್ದ ಕಾಲವೊಂದಿದ್ದಿತು. ರಾತ್ರಿ ಆಟವನ್ನು ನೋಡಿ ಚಪ್ಪಾಳೆ ತಟ್ಟಿದ ಕೈಯೇ ಬೆಳಗಾದ ಮೇಲೆ ಆ ನಟನನ್ನು ದೂರವಿಡುತ್ತಿದ್ದಿತು.

ಅಂಥ ಕಾಲದಲ್ಲಿ ಹುಟ್ಟಿ, ಆರು ವರ್ಷದ ಬಾಲಕನಾಗಿ ಬಣ್ಣ ಹಚ್ಚಿ, ಎಂಬತ್ತರ ಅಂಚಿನವರೆಗೂ ನಾಟಕದವರಾಗಿಯೇ ಬಾಳಿದ ಮಹನೀಯರೊಬ್ಬರು ತಮ್ಮ ಆತ್ಮಕಥೆಗೆ ‘ಕಲೆಯೇ ಕಾಯಕ’ ಎಂದು ಹೆಸರಿಟ್ಟರು. ಅವರೇ ಗುಬ್ಬಿ ವೀರಣ್ಣನವರು. ಕಾಯಕವೆಂಬುದು ನಮಗೆ ಹಗುರವಾದ ಶಬ್ದವಲ್ಲ. ಹೊಟ್ಟೆಪಾಡಿನ ಕೆಲಸವೆಲ್ಲವೂ ಕಾಯಕವಾಗುವುದಿಲ್ಲ. ಆದಕಾರಣ ವೀರಣ್ಣನವರು ಆ ಶಬ್ದವನ್ನು ತಮ್ಮ ಬಾಳಿಗೆ ಅನ್ವಯಿಸಿಕೊಂಡುದು ಸರಿಯೇ ಎಂಬುದನ್ನು ಈ ಸಭೆಯಲ್ಲಿಯೇ ವಿಚಾರಿಸುವುದು ಉಚಿತವೆಂದು ನಾನು ಭಾವಿಸಿದ್ದೇನೆ.

ಮೊದಲು ಅವರ ಚರಿತ್ರೆಯನ್ನು ಸಂಗ್ರಹವಾಗಿ ಹೇಳುತ್ತೇನೆ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ೧೮೮೪ರಲ್ಲಿ ಚಂದಣ್ಣನವರೂ ಅವರ ಸ್ನೇಹಿತರೂ ಕೂಡಿ ಒಂದು ನಾಟಕ ಮಂಡಳಿಯನ್ನು ಕಟ್ಟಿದರು. ಊರಿನ ಆರಾಧ್ಯದೈವವಾದ ಶ್ರೀ ಚನ್ನಬಸವೇಶ್ವರಸ್ವಾಮಿಯ ಹೆಸರನ್ನೇ ಅದಕ್ಕಿಟ್ಟು, ಆ ಸ್ವಾಮಿಯ ಕೃಪಾಪೋಷಿತ ಸಂಘವೆಂದು ಕರೆದರು. ಆ ಶತಮಾನದ ಕೊನೆಯ ದಶಕದ ಆರಂಭದಲ್ಲಿ ಹುಟ್ಟಿದ ವೀರಣ್ಣನವರು ಬಾಲ್ಯದಲ್ಲಿಯೇ ಈ ಮಂಡಳಿಯನ್ನು ಸೇರಿದರು. ಶಾಲೆಯ ವಿದ್ಯೆ ಅಷ್ಟಾಗಿ ದೊರೆಯಲಿಲ್ಲ; ಕಂಪನಿಯೇ ಪಾಠಶಾಲೆಯಾಯಿತು. ಕಾಲಕ್ರಮದಲ್ಲಿ ಆ ಸಂಸ್ಥೆಯ ಒಡೆತನವೂ ಅವರ ಹೆಗಲಿಗೆ ಬಂದು, ಗುಬ್ಬಿ ಕಂಪನಿಯೆಂದರೆ ವೀರಣ್ಣನವರು, ವೀರಣ್ಣನವರೆಂದರೆ ಗುಬ್ಬಿ ಕಂಪನಿ ಎಂಬಂತಾಯಿತು. ಕನ್ನಡ ನಾಡನ್ನು ಸುತ್ತಿದುದಲ್ಲದೆ ಆಂಧ್ರ, ತಮಿಳು ಸೀಮೆಗಳಲ್ಲಿಯೂ ಬಿಡಾರ ಹೂಡಿ, ಅಲ್ಲಿಯ ಭಾಷೆಗಳಲ್ಲಿಯೂ ಆಟವಾಡಿ, ‘ಕರ್ನಾಟಕಾಂಧ್ರ ನಾಟಕ ಸಾರ್ವಭೌಮ’ ಎಂಬ ಬಿರುದನ್ನು ಪಡೆದರು. ೧೯೫೫ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ, ೧೯೭೨ರಲ್ಲಿ ಪದ್ಮಶ್ರೀಯೂ ಅವರಿಗೆ ಸಂದವು. ಅದೇ ವರ್ಷದ ಅಕ್ಟೋಬರ್ ೧೮ರಂದು ಅವರು ಲಿಂಗೈಕ್ಯರಾದರು.

ಇನ್ನು ವಿಚಾರಕ್ಕೆ ಬರೋಣ. ವೇಷ ಹಾಕುವುದು ಸುಳ್ಳನ್ನಾಡಿದಂತಲ್ಲವೆ, ನಗಿಸುವುದು ಹಗುರ ಕೆಲಸವಲ್ಲವೆ ಎಂಬುದು ಮೊದಲ ಆಕ್ಷೇಪ. ವೀರಣ್ಣನವರಾದರೋ ಮುಖ್ಯವಾಗಿ ಹಾಸ್ಯನಟರು. ‘ಸದಾರಮೆ’ ನಾಟಕದಲ್ಲಿ ಅವರು ವಹಿಸುತ್ತಿದ್ದುದು ರಾಜನ ಪಾತ್ರವನ್ನಲ್ಲ, ಕಳ್ಳನ ಪಾತ್ರವನ್ನು. ಕಂಪನಿಯ ಯಜಮಾನರು ಕಿರೀಟವನ್ನು ಇತರರಿಗೆ ಬಿಟ್ಟು ತಾವು ಕಳ್ಳರಾದರು. ಆ ಕಳ್ಳನನ್ನು ನೋಡಲೆಂದೇ ಜನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದರು. ಈ ಆಕ್ಷೇಪಕ್ಕೆ ಉತ್ತರವನ್ನು ನಾವು ಹೊರಗೆ ಹುಡುಕಬೇಕಾದುದಿಲ್ಲ. ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ಬಹುರೂಪಿ ಚೌಡಯ್ಯನಿದ್ದಾನೆ. ವೇಷಗಳನ್ನು ಧರಿಸಿ ಆಡುವುದೇ ಆತನ ಕಾಯಕ. ನಗೆಯ ಮಾರಿತಂದೆಯಿದ್ದಾನೆ, ಜನರನ್ನು ನಗಿಸುವುದೇ ಆತನ ಕಾಯಕ. ಅಂಬಿಗನನ್ನೂ ಮಡಿವಾಳನನ್ನೂ ಒಪ್ಪಿಕೊಂಡ ಆ ಪಂಕ್ತಿ ನಗಿಸುವವನನ್ನೂ ಹೊರಗೆ ನಿಲ್ಲಿಸಲಿಲ್ಲ. ವೇಷವನ್ನು ವೇಷವೆಂದೇ ಸಾರಿ ಆಡುವವನು ಯಾರನ್ನೂ ಮೋಸಗೊಳಿಸುವುದಿಲ್ಲ. ವೇಷವಿಲ್ಲವೆಂದು ಹೇಳಿಕೊಂಡು ಹಗಲಿನಲ್ಲಿ ವೇಷ ಹಾಕುವವರಿಂದಲೇ ಲೋಕಕ್ಕೆ ಹಾನಿ.

ಎರಡನೆಯ ಆಕ್ಷೇಪ ಇದಕ್ಕಿಂತ ಬಲವಾದುದು. ಗುಬ್ಬಿ ಕಂಪನಿಯಲ್ಲಿ ವೈಭವ ಮಿತಿಮೀರಿದ್ದಿತೆಂದು ಹೇಳಿದವರುಂಟು. ೧೯೩೦ರ ದಶಕದಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಆಡಿದಾಗ ಜೀವಂತ ಆನೆಗಳನ್ನೂ ಕುದುರೆಗಳನ್ನೂ ರಂಗದ ಮೇಲೆ ತಂದರು. ಹೊಸ ರೀತಿಯ ವಿದ್ಯುದ್ದೀಪಗಳೂ ಯಂತ್ರಗಳೂ ಪರದೆಗಳೂ ಜನರನ್ನು ಬೆರಗುಗೊಳಿಸಿದವು. ಆನೆಯನ್ನು ನೋಡುವ ಭರದಲ್ಲಿ ಮಾತಿನ ಅರ್ಥ ಹಿಂದೆ ಬಿದ್ದಿರಬಹುದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಣವನ್ನು ಕೂಡಿಡಬಯಸುವವನು ಆನೆಗಳಿಗೆ ಮೇವು ಹಾಕುವುದಿಲ್ಲವೆಂಬುದನ್ನೂ ಮರೆಯಬಾರದು. ಬಂದುದನ್ನು ರಂಗಕ್ಕೇ ಸುರಿದರು. ಮೂಕಚಿತ್ರಗಳ ಕಾಲದಲ್ಲಿಯೇ ಚಲನಚಿತ್ರಕ್ಕೂ ಕೈಹಾಕಿದರು. ಕಂಪನಿಯ ಜನಪ್ರಿಯ ನಾಟಕವಾಗಿದ್ದ ‘ಬೇಡರ ಕಣ್ಣಪ್ಪ’ವನ್ನು ೧೯೫೪ರಲ್ಲಿ ಚಿತ್ರವಾಗಿ ತೆಗೆಸಿದರು. ಲಿಂಗಕ್ಕೆ ತನ್ನ ಕಣ್ಣನ್ನೇ ಕಿತ್ತುಕೊಟ್ಟ ಆ ಮುಗ್ಧಭಕ್ತನ ಕಥೆ, ಪುರಾಣ ಹೇಳುವವರು ಹೋಗಲಾರದ ಊರುಗಳಿಗೂ ಹೋಯಿತು.

ಈಗ ಮುಖ್ಯವಾದ ಮಾತು. ಕಾಯಕಕ್ಕೆ ದಾಸೋಹವೇ ಒರೆಗಲ್ಲು. ದುಡಿಮೆಯ ಫಲ ದುಡಿದವನಲ್ಲಿಯೇ ನಿಂತರೆ ಅದು ಸಂಪಾದನೆ. ಅದು ಇತರರಿಗೆ ಸಂದಾಗಲೇ ಕಾಯಕ. ಗುಬ್ಬಿ ಕಂಪನಿಯೆಂದರೆ ನಟರು, ಸಂಗೀತಗಾರರು, ಪರದೆ ಬರೆಯುವವರು, ದೀಪದವರು, ಅಡಿಗೆಯವರು ಎಲ್ಲರೂ ಸೇರಿದ ಒಂದು ದೊಡ್ಡ ಸಂಸಾರ. ಆಟವಿದ್ದ ದಿನವೂ ಇಲ್ಲದ ದಿನವೂ ಅಲ್ಲಿ ಒಲೆ ಉರಿಯಬೇಕಾಗಿದ್ದಿತು. ಹೆಂಗಸರ ಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದ ಕಾಲದಲ್ಲಿ ಅವರು ಸ್ತ್ರೀಯರನ್ನು ರಂಗಕ್ಕೆ ಕರೆತಂದರು. ಅವರ ಪತ್ನಿ ಬಿ. ಜಯಮ್ಮನವರು ಹೆಸರಾಂತ ನಟಿಯೂ ಗಾಯಕಿಯೂ ಆದರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೊಡನೆ ಆ ಬಿಡಾರದಲ್ಲಿ ಬೆಳೆದ ಅವರ ಮಗ ಮುತ್ತುರಾಜನೇ ‘ಬೇಡರ ಕಣ್ಣಪ್ಪ’ದ ನಾಯಕನಾಗಿ, ರಾಜಕುಮಾರರೆಂದು ನಾಡಿನ ಮನೆಮಾತಾದರು. ಮನೆ ಬಿಟ್ಟು ಬಂದು ಕಂಪನಿಯನ್ನು ಸೇರಿದ ಹುಡುಗನೊಬ್ಬನ ಬುದ್ಧಿಯನ್ನು ಗುರುತಿಸಿ, ವೀರಣ್ಣನವರು ಅವನನ್ನು ಓದಲು ಕಾಶಿಗೆ ಕಳುಹಿಸಿದರು. ಆ ಹುಡುಗನೇ ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, ೧೯೮೯ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದ ಬಿ. ವಿ. ಕಾರಂತರು. ತಾವು ಕಾಣದ ಶಾಲೆಯನ್ನು ಪರರ ಮಗನಿಗೆ ಕಾಣಿಸುವುದು ದಾಸೋಹವಲ್ಲದೆ ಮತ್ತೇನು? ವೀರಣ್ಣನವರ ಮೊಮ್ಮಗಳಾದ ಬಿ. ಜಯಶ್ರೀಯವರು ಅದೇ ದಾರಿಯಲ್ಲಿ ನಡೆದು, ೨೦೧೦ರಲ್ಲಿ ರಾಜ್ಯಸಭೆಗೆ ನಾಮಕರಣ ಹೊಂದಿ, ೨೦೧೩ರಲ್ಲಿ ಪದ್ಮಶ್ರೀಯನ್ನು ಪಡೆದರು. ಒಂದು ಕಾಲದಲ್ಲಿ ಬಾಡಿಗೆಯ ಮನೆಯೂ ದೊರೆಯದಿದ್ದ ವೃತ್ತಿ ದೇಶದ ಮೇಲ್ಮನೆಯಲ್ಲಿ ಪೀಠವನ್ನು ಪಡೆಯಿತು.

ಆದುದರಿಂದ ‘ಕಲೆಯೇ ಕಾಯಕ’ ಎಂಬ ಹೆಸರನ್ನು ವೀರಣ್ಣನವರು ಸಲುಗೆಯಿಂದ ಎತ್ತಿಕೊಳ್ಳಲಿಲ್ಲ, ಬಾಳಿ ಸಂಪಾದಿಸಿದರು ಎಂದೇ ನನ್ನ ನಿರ್ಣಯ.

ಬಂಧುಗಳೆ, ಇಷ್ಟನ್ನು ಕೇಳಿ ತಲೆದೂಗಿ ಎದ್ದುಹೋದರೆ ಸಾಲದು. ಇಂದು ತುಮಕೂರಿನಲ್ಲಿ ಅವರ ಹೆಸರಿನ ಕಲಾಕ್ಷೇತ್ರವಿದೆ. ವೃತ್ತಿರಂಗಭೂಮಿಯ ಕಲಾವಿದರಿಗೆ ಸರ್ಕಾರವು ಅವರ ಹೆಸರಿನ ಪ್ರಶಸ್ತಿಯನ್ನು ಕೊಡುತ್ತದೆ. ಆದರೆ ನಾವು ಮನೆಯಲ್ಲಿಯೇ ಕುಳಿತು ದೂರದರ್ಶನದ ಧಾರಾವಾಹಿಗಳನ್ನು ನೋಡುವವರಾಗಿದ್ದೇವೆ. ಜಾತ್ರೆಯ ಬಯಲಿನಲ್ಲಿ ಡೇರೆ ಹಾಕುವ ಕಂಪನಿಗಳು ಬೆರಳೆಣಿಕೆಗೆ ಇಳಿಯುತ್ತಿವೆ. ಅವು ಬಂದಾಗಲೂ ಊರಿನ ಪ್ರಮುಖರೆನಿಸಿಕೊಂಡ ನಾವು ಮೊದಲು ಕೇಳುವುದು ಪುಕ್ಕಟೆ ಪಾಸನ್ನು! ಕಾಯಕದ ಹೆಸರನ್ನು ನಿತ್ಯವೂ ಹೇಳುವವರು ಕಾಯಕ ಮಾಡಿದವನ ಕೂಲಿಯನ್ನು ಹಿಡಿಯಬಾರದು. ಮುಂದಿನ ಜಾತ್ರೆಯಲ್ಲಿ ನಾಟಕದವರು ಬಂದರೆ ಹಣ ಕೊಟ್ಟು ಚೀಟಿ ಕೊಳ್ಳಿರಿ. ಮಧ್ಯಾಹ್ನ ಬಣ್ಣ ತೊಳೆದ ಆ ಮುಖಗಳನ್ನು ಕರೆತಂದು ನಿಮ್ಮ ಪಕ್ಕದಲ್ಲಿಯೇ ದಾಸೋಹದ ಪಂಕ್ತಿಯಲ್ಲಿ ಕೂರಿಸಿಕೊಳ್ಳಿರಿ. ಚೌಡಯ್ಯನೂ ಮಾರಿತಂದೆಯೂ ಕುಳಿತ ಪಂಕ್ತಿ ಅದು.