ಒಲ್ಲೆ ಎನ್ನುವ ಪ್ರಾಣಿ: ಹೇಸರಗತ್ತೆಯ ನೆಗೆತವೂ ಪ್ರದರ್ಶನದ ಪ್ರಾಣಿಗಳ ಪಾಡೂ

1. ಹೆಸರು, ಹುಟ್ಟು, ಸ್ವಭಾವ

ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟುವ ಮಿಶ್ರಸಂತಾನವನ್ನು ಕನ್ನಡದಲ್ಲಿ ಹೇಸರಗತ್ತೆ ಎಂದು ಕರೆಯುವುದು ರೂಢಿ. ಸಂಸ್ಕೃತದ ವೇಸರ ಎಂಬ ಪದಕ್ಕೂ ಇದೇ ಅರ್ಥವಿದ್ದು, ಉತ್ತರದ ನಾಗರ ಮತ್ತು ದಕ್ಷಿಣದ ದ್ರಾವಿಡ ಶೈಲಿಗಳ ಲಕ್ಷಣಗಳನ್ನು ಬೆಸೆದುಕೊಂಡ ಕರ್ನಾಟಕದ ದೇವಾಲಯಗಳ ವಾಸ್ತುಶೈಲಿಗೆ ವೇಸರವೆಂಬ ಹೆಸರು ಬಂದುದು ಈ ಬೆರಕೆಯ ಅರ್ಥದಿಂದಲೇ ಎಂದು ವಿದ್ವಾಂಸರಲ್ಲಿ ಹಲವರು ವಿವರಿಸಿದ್ದಾರೆ. ಲಕ್ಕುಂಡಿಯ, ಇಟಗಿಯ ಗುಡಿಗಳ ವಿಷಯದಲ್ಲಿ ಹಿರಿಮೆಯೆನಿಸಿದ ಆ ಬೆರಕೆ ಪ್ರಾಣಿಯ ವಿಷಯಕ್ಕೆ ಬಂದಾಗ ಮಾತ್ರ ಬೈಗುಳವಾಗಿಯೇ ಉಳಿದಿರುವುದು ವಿಷಾದದ ಸಂಗತಿ.

ಕುದುರೆಯ ಜೀವಕೋಶದಲ್ಲಿ 64 ವರ್ಣತಂತುಗಳೂ ಕತ್ತೆಯ ಜೀವಕೋಶದಲ್ಲಿ 62 ವರ್ಣತಂತುಗಳೂ ಇರುವುದರಿಂದ, ಎರಡರಿಂದಲೂ ಅರ್ಧರ್ಧ ಪಡೆದು ಹುಟ್ಟುವ ಹೇಸರಗತ್ತೆಗೆ 63 ದೊರೆಯುತ್ತವೆ. ಈ ವರ್ಣತಂತುಗಳು ಸರಿಯಾಗಿ ಜೊತೆಗೂಡಲಾರದ ಕಾರಣ ಅದು ತೀರ ಅಪರೂಪದ ಪ್ರಸಂಗಗಳನ್ನು ಬಿಟ್ಟರೆ ಮರಿ ಹಾಕಲಾರದು. ತನ್ನ ವಂಶವನ್ನು ತಾನೇ ಬೆಳೆಸಲಾರದ ಈ ಪ್ರಾಣಿ ಪ್ರತಿ ತಲೆಮಾರಿನಲ್ಲಿಯೂ ಮನುಷ್ಯನ ಅಗತ್ಯಕ್ಕಾಗಿ, ಮನುಷ್ಯನ ಏರ್ಪಾಟಿನಿಂದಲೇ ಹುಟ್ಟುತ್ತ ಬಂದಿದೆ. ಹುಟ್ಟಿಗೆ ಹೊಣೆಯಾದವರೇ ಬಾಳಿಗೂ ಹೊಣೆ ಎಂಬ ನ್ಯಾಯ ಎಲ್ಲ ಸಾಕುಪ್ರಾಣಿಗಳಿಗೂ ಸಲ್ಲುವಂಥದಾದರೂ ಹೇಸರಗತ್ತೆಯಷ್ಟು ನೇರವಾಗಿ ಅದು ಸಲ್ಲುವ ಪ್ರಾಣಿ ಮತ್ತೊಂದಿಲ್ಲ.

ಈ ಪ್ರಾಣಿಯ ಹಠ ಲೋಕಪ್ರಸಿದ್ಧವಾದುದು. ಆದರೆ ಅಶ್ವಜಾತಿಯ ನಡವಳಿಕೆಯನ್ನು ಬಲ್ಲವರು ಅದನ್ನು ಬೇರೆ ರೀತಿಯಲ್ಲಿ ಅರ್ಥೈಸುತ್ತಾರೆ. ಬಯಲಿನ ಪ್ರಾಣಿಯಾದ ಕುದುರೆ ಬೆದರಿದಾಗ ಮೊದಲು ಓಡುತ್ತದೆ; ಕಲ್ಲುನೆಲದ, ಒಣನಾಡಿನ ಪ್ರಾಣಿಯಾದ ಕತ್ತೆ ಬೆದರಿದಾಗ ನಿಲ್ಲುತ್ತದೆ, ನಿಂತು ನೋಡುತ್ತದೆ, ಅಪಾಯವಿಲ್ಲವೆಂದು ತನಗೆ ಮನವರಿಕೆಯಾಗುವ ತನಕ ಮುಂದಕ್ಕೆ ಹೆಜ್ಜೆ ಇಡುವುದಿಲ್ಲ. ತಂದೆಯಿಂದ ಬಂದ ಈ ನಿಲುಗಡೆಯ ಗುಣವನ್ನು ಹೇಸರಗತ್ತೆ ಉಳಿಸಿಕೊಂಡಿರುವುದರಿಂದಲೇ ಪ್ರಪಾತದ ಅಂಚಿನ ಕಾಲುದಾರಿಗಳಲ್ಲಿ ಅದು ಕುದುರೆಗಿಂತ ನಂಬಿಕೆಗೆ ಅರ್ಹವಾಯಿತು. 1999ರ ಕಾರ್ಗಿಲ್ ಯುದ್ಧದಲ್ಲಿ ವಾಹನಗಳು ಏರಲಾರದ ಎತ್ತರಗಳಿಗೆ ಭಾರತೀಯ ಸೇನೆಯ ಮದ್ದುಗುಂಡು, ಆಹಾರಗಳನ್ನು ಹೊತ್ತ ಪ್ರಾಣಿಯೂ ಇದೇ. ಹೀಗೆ ಹಠವೆಂದು ಕರೆಯಲಾಗಿರುವುದು ನಿಜದಲ್ಲಿ ಆತ್ಮರಕ್ಷಣೆಯ ವಿವೇಕವಾಗಿದ್ದು, ಆ ವಿವೇಕಕ್ಕೆ ಪ್ರದರ್ಶನದ ಕಣದಲ್ಲಿ ಮನುಷ್ಯ ಎಷ್ಟು ಮನ್ನಣೆ ಕೊಡುತ್ತಾನೆ ಎಂಬುದೇ ಈ ಉಪನ್ಯಾಸದ ವಿಚಾರಣೆಯ ವಿಷಯ.

2. ಬೇಟೆಯ ದಾರಿಯಿಂದ ಸ್ಪರ್ಧೆಯ ಕಣಕ್ಕೆ

ಹೇಸರಗತ್ತೆಯ ನೆಗೆತದ ಸ್ಪರ್ಧೆಗಳು ಅಮೆರಿಕ ಸಂಯುಕ್ತ ಸಂಸ್ಥಾನದ ಗ್ರಾಮೀಣ ಬದುಕಿನಲ್ಲಿ, ಅದರಲ್ಲೂ ಮಿಸೌರಿ ಮತ್ತು ಅರ್ಕಾನ್ಸಾ ರಾಜ್ಯಗಳಲ್ಲಿ ಹರಡಿರುವ ಓಝಾರ್ಕ್ ಗುಡ್ಡಗಾಡಿನಲ್ಲಿ ಬೇರುಬಿಟ್ಟಿವೆ. ಸ್ಪೇನಿನ ದೊರೆ ಮೂರನೆಯ ಚಾರ್ಲ್ಸ್ 1785ರಲ್ಲಿ ಜಾರ್ಜ್ ವಾಷಿಂಗ್ಟನ್‌ಗೆ ಉಡುಗೊರೆಯಾಗಿ ಕಳುಹಿಸಿದ ಗಂಡು ಕತ್ತೆಯಿಂದ ಆ ದೇಶದಲ್ಲಿ ಉತ್ತಮ ಹೇಸರಗತ್ತೆಗಳ ತಳಿಸಾಕಣೆಗೆ ದೊಡ್ಡ ಪ್ರೋತ್ಸಾಹ ದೊರೆಯಿತು. ಮುಂದೆ ದಕ್ಷಿಣದ ಹತ್ತಿಯ ಹೊಲಗಳನ್ನು ಉತ್ತದ್ದೂ ಪಶ್ಚಿಮದ ವ್ಯಾಪಾರದ ಬಂಡಿಗಳನ್ನು ಎಳೆದದ್ದೂ ಬಹುಮಟ್ಟಿಗೆ ಹೇಸರಗತ್ತೆಯೇ. ಟ್ರ್ಯಾಕ್ಟರು ಬಂದ ಮೇಲೆ ಕೆಲಸ ಕಳೆದುಕೊಂಡ ಈ ಪ್ರಾಣಿಯನ್ನು ಮಿಸೌರಿ 1995ರಲ್ಲಿ ತನ್ನ ರಾಜ್ಯಪ್ರಾಣಿಯಾಗಿ ಘೋಷಿಸಿ ಆ ಋಣವನ್ನು ನೆನೆದಿದೆ.

ನೆಗೆತದ ಕಲೆ ಹುಟ್ಟಿದ್ದು ರಾತ್ರಿಬೇಟೆಯಿಂದ. ಕಣ್ಣಿನ ಸುತ್ತ ಕಪ್ಪು ಪಟ್ಟಿಯೂ ಬಾಲದಲ್ಲಿ ಬಳೆಬಳೆಯಾದ ಗೆರೆಗಳೂ ಇರುವ ರಕೂನ್ ಎಂಬ ನಿಶಾಚರ ಪ್ರಾಣಿಯನ್ನು ತುಪ್ಪಳಕ್ಕಾಗಿ ಬೇಟೆಯಾಡುತ್ತಿದ್ದವರು ನಾಯಿಗಳನ್ನು ಮುಂದೆ ಬಿಟ್ಟು ಅವುಗಳ ಬೊಗಳಿಕೆಯ ಜಾಡು ಹಿಡಿದು ಹೇಸರಗತ್ತೆಯ ಮೇಲೆ ಕತ್ತಲೆಯ ಕಾಡಿನಲ್ಲಿ ಸಾಗುತ್ತಿದ್ದರು. ಜೋಸೆಫ್ ಗ್ಲಿಡನ್ 1874ರಲ್ಲಿ ಹಕ್ಕುಸ್ವಾಮ್ಯ ಪಡೆದ ಮುಳ್ಳುತಂತಿ ಕೆಲವೇ ದಶಕಗಳಲ್ಲಿ ದೇಶದ ಹೊಲಗಳನ್ನೆಲ್ಲ ಸುತ್ತುವರಿದುದರಿಂದ ನಾಯಿಗಳು ನುಸುಳಿ ಹೋದ ಬೇಲಿಯನ್ನು ಸವಾರಿಯ ಪ್ರಾಣಿ ದಾಟಬೇಕಾಗುತ್ತಿತ್ತು. ಆಗ ಬೇಟೆಗಾರ ಕೆಳಗಿಳಿದು, ಮೇಲಿನ ತಂತಿ ಪ್ರಾಣಿಯ ಕಣ್ಣಿಗೆ ಕಾಣಿಸಲೆಂದೂ ಅದರ ಹೊಟ್ಟೆಗೆ ತರಚದಿರಲೆಂದೂ ತನ್ನ ಕೋಟನ್ನು ತಂತಿಯ ಮೇಲೆ ಹಾಸಿ, ತಾನು ಬೇಲಿಯ ಆಚೆ ಹೋಗಿ, ಹಗ್ಗ ಹಿಡಿದು ಕರೆಯುತ್ತಿದ್ದ; ಹೇಸರಗತ್ತೆ ನಿಂತ ನೆಲದಿಂದಲೇ ನೆಗೆದು ಆಚೆ ಬರುತ್ತಿತ್ತು. ಸವಾರನ ಕೋಟು ಮೊದಲು ಮುಳ್ಳಿನ ಮೇಲೆ ಬಿದ್ದು, ಅನಂತರವಷ್ಟೇ ಪ್ರಾಣಿಗೆ ಕರೆ ಹೋಗುತ್ತಿತ್ತೆಂಬ ಈ ಕ್ರಮದಲ್ಲಿ ಒಂದು ನೀತಿಯೇ ಅಡಗಿದೆ.

ಇಂದಿನ ಸ್ಪರ್ಧೆ ಅದೇ ಕ್ರಿಯೆಯ ಅನುಕರಣೆ. ಅರ್ಕಾನ್ಸಾದ ವಾಯವ್ಯ ಮೂಲೆಯಲ್ಲಿರುವ, 1862ರ ಮಾರ್ಚ್ ತಿಂಗಳಲ್ಲಿ ಅಂತರ್ಯುದ್ಧದ ಒಂದು ಮುಖ್ಯ ಕದನ ನಡೆದ ಪೀ ರಿಜ್ ಎಂಬ ಊರಿನಲ್ಲಿ ಮೂರು ದಶಕಗಳಿಂದ ಈಚೆಗೆ ಅಕ್ಟೋಬರ್ ತಿಂಗಳಲ್ಲಿ ನಡೆದುಬಂದಿರುವ ನೆಗೆತದ ಹಬ್ಬ ಇವುಗಳಲ್ಲಿ ಹೆಸರಾದುದು. ಎರಡು ಕಂಬಗಳ ನಡುವೆ ಅಡ್ಡಕೋಲನ್ನಿಟ್ಟು, ಬೇಟೆಗಾರನ ಕೋಟಿನ ನೆನಪಿಗೆಂಬಂತೆ ಅದಕ್ಕೆ ಬಟ್ಟೆ ಹೊದಿಸಿ, ಅದರ ಮುಂದೆ ನೆಲದ ಮೇಲೆ ಗೆರೆ ಎಳೆದು ಒಂದು ಚೌಕವನ್ನು ಗುರುತಿಸಲಾಗುತ್ತದೆ. ಪ್ರಾಣಿಗೆ ಓಡಿಬಂದು ನೆಗೆಯುವ ಅವಕಾಶವಿಲ್ಲ, ಅದು ಆ ಚೌಕದೊಳಗಿನಿಂದಲೇ ನೆಗೆಯಬೇಕು; ಬೆನ್ನ ಮೇಲೆ ಸವಾರನಿರುವುದಿಲ್ಲ; ಕೋಲು ಉರುಳಿದರೆ ಆ ನೆಗೆತ ಸಲ್ಲದು. ಪ್ರತಿ ಸುತ್ತಿಗೂ ಕೋಲನ್ನು ಕೆಲವು ಅಂಗುಲಗಳಷ್ಟು ಏರಿಸುತ್ತ ಹೋಗಿ, ನಿಗದಿಯಾದ ಸಮಯದೊಳಗೆ, ನಿಗದಿಯಾದಷ್ಟು ಪ್ರಯತ್ನಗಳಲ್ಲಿ ದಾಟಲಾರದ ಪ್ರಾಣಿಗಳನ್ನು ಕೈಬಿಟ್ಟು ಕೊನೆಗುಳಿದುದನ್ನು ವಿಜಯಿಯೆಂದು ಸಾರಲಾಗುತ್ತದೆ. ನುರಿತ ಹೇಸರಗತ್ತೆಗಳು ಐದು ಅಡಿಗೂ ಮೀರಿದ, ಅಂದರೆ ಬಹಳ ಸಲ ತಮ್ಮ ಹೆಗಲಿನ ಎತ್ತರವನ್ನೂ ಮೀರಿದ ಕೋಲನ್ನು ದಾಟುತ್ತವೆ.

ಈ ನೆಗೆತವನ್ನು ಹತ್ತಿರದಿಂದ ಗಮನಿಸಿದರೆ ಅದರ ಮುಕ್ಕಾಲು ಪಾಲು ನೆಗೆಯುವುದಕ್ಕೆ ಮೊದಲೇ ನಡೆಯುತ್ತದೆಂಬುದು ತಿಳಿಯುತ್ತದೆ. ಪ್ರಾಣಿ ಕೋಲಿನ ಹತ್ತಿರ ಬಂದು ಕತ್ತು ಚಾಚಿ ಅದನ್ನು ಮೂಸುತ್ತದೆ, ಗದ್ದವನ್ನು ಅದರ ಮೇಲೆ ತಂದು ಆಚೆಯ ನೆಲವನ್ನು ನೋಡುತ್ತದೆ, ಉದ್ದನೆಯ ಕಿವಿಗಳನ್ನು ಮುಂದಕ್ಕೆ ನಿಮಿರಿಸುತ್ತದೆ. ಆಮೇಲೆ ಒಂದೆರಡು ಹೆಜ್ಜೆ ಹಿಂದೆ ಸರಿದು, ಹಿಂಗಾಲುಗಳನ್ನು ಹೊಟ್ಟೆಯ ಕೆಳಗೆ ತಂದುಕೊಂಡು, ಕುಳಿತುಬಿಡುವುದೋ ಎಂಬಷ್ಟು ಸೊಂಟ ತಗ್ಗಿಸಿ, ಮುಂಗಾಲುಗಳನ್ನು ಮಡಚಿ ಒಮ್ಮೆಗೇ ಮೇಲೇಳುತ್ತದೆ. ಇಲ್ಲವೇ ಆಚೆಯ ನೆಲವನ್ನು ನೋಡಿ ಮುಗಿಸಿ, ತಲೆ ತಿರುಗಿಸಿ, ಸುಮ್ಮನೆ ನಿಂತುಬಿಡುತ್ತದೆ. ಹಗ್ಗ ಹಿಡಿದವನ ಯಾವ ಮಾತಿಗೂ ಅದು ಅಲುಗದೆ ನಿಂತಲ್ಲಿಯೇ ಸಮಯ ಮುಗಿಯುತ್ತದೆ. ನೆರೆದವರು ನಗುತ್ತಾರೆ, ಪ್ರಾಣಿ ಕಣದಿಂದ ಹೊರಗೆ ನಡೆಯುತ್ತದೆ.

3. ಒಲ್ಲೆ ಎಂದುದರ ಬೆಲೆ

ಪ್ರದರ್ಶನದ ಪ್ರಾಣಿಗಳ ಪಾಲನೆಯನ್ನು ಅಳೆಯಲು ಹಲವು ಮಾನದಂಡಗಳಿವೆ. ಬ್ರಿಟನ್ನಿನಲ್ಲಿ 1965ರ ಬ್ರ್ಯಾಂಬೆಲ್ ವರದಿಯಿಂದ ಮೊದಲಾಗಿ ರೂಪುಗೊಂಡ ಪಂಚ ಸ್ವಾತಂತ್ರ್ಯಗಳ ತತ್ತ್ವ ಇವುಗಳಲ್ಲಿ ಹೆಚ್ಚು ಪ್ರಚಲಿತವಾದುದು: ಹಸಿವು ಬಾಯಾರಿಕೆಗಳಿಂದ, ನೆಲೆಯ ಅನಾನುಕೂಲದಿಂದ, ನೋವು ಗಾಯ ರೋಗಗಳಿಂದ, ಭಯ ಸಂಕಟಗಳಿಂದ ಬಿಡುಗಡೆ ಮತ್ತು ಸಹಜ ನಡವಳಿಕೆಗೆ ಅವಕಾಶ. ಇವೆಲ್ಲವೂ ಅಗತ್ಯವೇ. ಆದರೆ ಪ್ರೇಕ್ಷಕನ ಎದುರಿಗೆ ನಡೆಯುವುದು ಕೆಲವು ನಿಮಿಷಗಳ ಆಟ ಮಾತ್ರವಾಗಿದ್ದು, ತಿಂಗಳುಗಟ್ಟಲೆಯ ತರಬೇತಿ ಅವನ ಕಣ್ಣಿಗೆ ಬೀಳುವುದಿಲ್ಲವಾದುದರಿಂದ, ಕಂಡದ್ದರಿಂದ ಕಾಣದ್ದನ್ನು ಊಹಿಸಲು ನೆರವಾಗುವ ಒಂದು ಸರಳ ಪ್ರಶ್ನೆ ಬೇಕು. ಆ ಪ್ರಶ್ನೆ ಇದು: ಪ್ರಾಣಿ ಒಲ್ಲೆ ಎಂದಾಗ ಏನಾಗುತ್ತದೆ?

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದಾಗ ಪ್ರದರ್ಶನಗಳ ನಡುವಿನ ಅಂತರ ಸ್ಪಷ್ಟವಾಗುತ್ತದೆ. ಅಮೆರಿಕದ ಅಟ್ಲಾಂಟಿಕ್ ಸಿಟಿಯ ಸ್ಟೀಲ್ ಪಿಯರ್ ಎಂಬ ಕಡಲಕಟ್ಟೆಯಲ್ಲಿ 1970ರ ದಶಕದವರೆಗೂ ಕುದುರೆಗಳನ್ನು ಇಳಿಜಾರು ಹಲಗೆಯ ಮೇಲೆ ಹತ್ತಿಸಿ, ಸುಮಾರು 40 ಅಡಿ ಎತ್ತರದಿಂದ ಸವಾರಳ ಸಮೇತ ನೀರಿನ ತೊಟ್ಟಿಗೆ ಧುಮುಕಿಸುವ ಆಟ ನಡೆಯುತ್ತಿತ್ತು. 1931ರಲ್ಲಿ ಹೀಗೆ ಧುಮುಕಿದ ಸೊನೋರಾ ವೆಬ್‌ಸ್ಟರ್ ಕಾರ್ವರ್ ಎಂಬ ಸವಾರೆ ದೃಷ್ಟಿಯನ್ನೇ ಕಳೆದುಕೊಂಡಳು. ಕುದುರೆಗಳು ತಾವಾಗಿಯೇ ಧುಮುಕುತ್ತಿದ್ದವೆಂಬುದು ಆಟದವರ ವಾದವಾಗಿತ್ತಾದರೂ, ಅಷ್ಟು ಎತ್ತರದ ಕಿರಿದಾದ ಅಟ್ಟದ ಮೇಲೆ ನಿಂತ ಪ್ರಾಣಿಗೆ ಹಿಂದಿರುಗುವ ದಾರಿ ಎಷ್ಟರಮಟ್ಟಿಗೆ ತೆರೆದಿತ್ತು ಎಂಬ ಪ್ರಶ್ನೆಗೆ ಆ ವಾದದಲ್ಲಿ ಉತ್ತರವಿರಲಿಲ್ಲ. ಟೆನ್ನೆಸಿ ವಾಕಿಂಗ್ ತಳಿಯ ಕುದುರೆಗಳು ಮುಂಗಾಲನ್ನು ಇನ್ನಷ್ಟು ಎತ್ತಿ ನಡೆಯಲೆಂದು ಅವುಗಳ ಗೊರಸಿನ ಮೇಲ್ಭಾಗದ ಚರ್ಮಕ್ಕೆ ಸುಡುವ ರಾಸಾಯನಿಕ ಸವರುವ, ಸೋರಿಂಗ್ ಎಂದು ಕರೆಯಲಾಗುವ ಪದ್ಧತಿ ಇನ್ನೂ ಘೋರವಾದುದು. ಅದನ್ನು ತಡೆಯಲೆಂದೇ ಅಮೆರಿಕ 1970ರಲ್ಲಿ ಅಶ್ವರಕ್ಷಣಾ ಕಾಯಿದೆಯನ್ನು ಮಾಡಿತು. ಅಲ್ಲಿ ನೋವೇ ನಡಿಗೆಯಾಗಿ ಕಾಣುವುದರಿಂದ ಒಲ್ಲೆ ಎನ್ನುವ ದನಿಯೇ ಚಪ್ಪಾಳೆಯ ವಸ್ತುವಾಗಿಬಿಡುತ್ತದೆ.

ಜಗತ್ತಿನ ಅತಿ ದೊಡ್ಡ ಕ್ರೀಡಾಕೂಟವೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಿಲ್ಲ. 2021ರ ಆಗಸ್ಟ್‌ನಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ಮಹಿಳೆಯರ ಮಾಡರ್ನ್ ಪೆಂಟಾಥ್ಲಾನ್ ಸ್ಪರ್ಧೆಯಲ್ಲಿ, ಚೀಟಿ ಎತ್ತಿ ಹಂಚಲಾಗಿದ್ದ ಸೇಂಟ್ ಬಾಯ್ ಎಂಬ ಕುದುರೆ ತನಗೆ ಅಪರಿಚಿತಳಾದ ಸವಾರೆಯನ್ನು ಹೊತ್ತು ನೆಗೆಯಲು ಒಪ್ಪಲಿಲ್ಲ. ಮುನ್ನಡೆಯಲ್ಲಿದ್ದ ಸವಾರೆ ಅಳುತ್ತ ಚಾವಟಿ ಬೀಸಿದಳು. ತರಬೇತುದಾರ್ತಿ ಬೇಲಿಯಾಚೆಯಿಂದ ಕುದುರೆಯನ್ನು ಗುದ್ದಿ ಕೂಟದಿಂದ ಹೊರಹಾಕಲ್ಪಟ್ಟಳು. ಚೀಟಿ ಎತ್ತಿ ಕುದುರೆ ಹಂಚುವ ಈ ಕ್ರಮದಲ್ಲಿ ಸವಾರರಿಗೆ ಕುದುರೆಯ ಪರಿಚಯ ಮಾಡಿಕೊಳ್ಳಲು ದೊರೆಯುತ್ತಿದ್ದುದು 20 ನಿಮಿಷಗಳು ಮಾತ್ರ. ಕುದುರೆಯ ನಿರಾಕರಣೆಗೆ ಜಾಗವೇ ಇಲ್ಲದಂತೆ ನಿಯಮ ರಚಿತವಾಗಿದ್ದುದರಿಂದ ಕೊನೆಗೆ ಬದಲಾಗಬೇಕಾದದ್ದು ಆ ನಿಯಮವೇ ಆಯಿತು: 2024ರ ಪ್ಯಾರಿಸ್ ಕೂಟದ ಬಳಿಕ ಆ ಕ್ರೀಡೆಯಿಂದ ಕುದುರೆ ಸವಾರಿಯನ್ನು ತೆಗೆದುಹಾಕಲಾಗಿದೆ.

ಹೇಸರಗತ್ತೆಯ ನೆಗೆತ ಈ ಅಳತೆಯಲ್ಲಿ ಒಂದು ಹೆಜ್ಜೆ ಮುಂದಿದೆ. ಸವಾರನ ಭಾರವಿಲ್ಲ, ಓಟದ ಆವೇಗವಿಲ್ಲ, ಹಿಂದಿರುಗಲು ನೆಲವಿದೆ, ನಿಂತುಬಿಟ್ಟರೆ ಕಳೆದುಕೊಳ್ಳುವುದು ಅಂದಿನ ಬಹುಮಾನವಷ್ಟೇ. ಆದರೂ ಈ ಸ್ಪರ್ಧೆ ದೋಷರಹಿತವೆಂದು ತೀರ್ಪು ಕೊಡುವುದು ಅವಸರದ ಮಾತಾದೀತು. ಕಣದಲ್ಲಿ ಕ್ಷಮಿಸಲಾದ ನಿರಾಕರಣೆಗೆ ಮನೆಯ ಹಿತ್ತಲಿನಲ್ಲಿ ಪೆಟ್ಟು ಬೀಳುತ್ತದೆಯೇ ಎಂಬುದು ಪ್ರೇಕ್ಷಕನಿಗೆ ಕಾಣದು. ಕಾಲು ಇನ್ನೂ ಎತ್ತಲೆಂದು ನೆಗೆಯುವ ಪ್ರಾಣಿಯ ಕಾಲಿಗೆ ಕೋಲಿನಿಂದ ಬಡಿಯುವ ಪದ್ಧತಿ ಕುದುರೆಗಳ ತರಬೇತಿಯಲ್ಲಿ ಇದ್ದುದರಿಂದಲೇ ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ ಅದನ್ನು ನಿಷೇಧಿಸಬೇಕಾಯಿತು. ಅಲ್ಲದೆ ಹೇಸರಗತ್ತೆ 30ರಿಂದ 40 ವರ್ಷ ಬದುಕುವ ಪ್ರಾಣಿಯಾಗಿದ್ದು, ಅದು ಎತ್ತರ ನೆಗೆಯಬಲ್ಲ ವರ್ಷಗಳು ಅದರಲ್ಲಿ ಸ್ವಲ್ಪ ಭಾಗ ಮಾತ್ರ. ಕೀಲು ಸವೆದ ಮೇಲಿನ ದೀರ್ಘ ಮುಪ್ಪಿನ ಮೇವಿಗೆ ಯಾರು ಹೊಣೆ ಎಂಬುದನ್ನು ಯಾವ ಬಹುಮಾನದ ಪಟ್ಟಿಯೂ ಹೇಳುವುದಿಲ್ಲ.

4. ಕಾನೂನಿನ ಬೆಳಕು

ಅಮೆರಿಕದ 1966ರ ಪ್ರಾಣಿಕಲ್ಯಾಣ ಕಾಯಿದೆ ಪ್ರದರ್ಶಕರಿಗೆ ಪರವಾನಗಿಯ ನಿರ್ಬಂಧ ವಿಧಿಸುತ್ತದೆಯಾದರೂ ಗ್ರಾಮೀಣ ಜಾತ್ರೆ, ಜಾನುವಾರು ಪ್ರದರ್ಶನ, ರೋಡಿಯೋಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆದಕಾರಣ ನೆಗೆತದ ಕಣದಲ್ಲಿರುವ ಪ್ರಾಣಿಯ ರಕ್ಷಣೆ ಆಯಾ ರಾಜ್ಯದ ಕ್ರೌರ್ಯನಿಷೇಧ ಕಾನೂನಿಗೂ ಊರಿನ ಮನಸ್ಸಾಕ್ಷಿಗೂ ಬಿಟ್ಟ ವಿಷಯವಾಗಿದೆ.

ಭಾರತದ ಕಾನೂನು ಈ ವಿಷಯದಲ್ಲಿ ಬರವಣಿಗೆಯಲ್ಲಿ ಹೆಚ್ಚು ಉದಾರವಾಗಿದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 22ನೆಯ ಕಲಮಿನ ಪ್ರಕಾರ ನೋಂದಣಿಯಿಲ್ಲದೆ ಯಾವ ಪ್ರಾಣಿಯನ್ನೂ ಟಿಕೆಟಿನ ಪ್ರದರ್ಶನಕ್ಕೆ ಬಳಸುವಂತಿಲ್ಲ, ತರಬೇತಿ ಕೊಡುವಂತಿಲ್ಲ. ಇದೇ ಕಲಮಿನಡಿ 1998ರಲ್ಲಿ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳ ಪ್ರದರ್ಶನವನ್ನು ನಿಷೇಧಿಸಿದ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಎತ್ತಿಹಿಡಿದುದರಿಂದ ಸರ್ಕಸ್ ಡೇರೆಗಳು ಆ ಪ್ರಾಣಿಗಳಿಂದ ಬರಿದಾದವು. 2001ರ ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮಗಳು ಕುದುರೆಗಳ ಪಂದ್ಯಗಳನ್ನೂ ಸೇರಿಸಿಕೊಂಡು, ಪ್ರಾಣಿಯನ್ನು ಒಪ್ಪಿಸಲೆಂದು ಮೇವು ನೀರು ತಪ್ಪಿಸಬಾರದೆಂದೂ ಅದರ ಸಹಜ ಪ್ರವೃತ್ತಿಗೆ ಹೊಂದದ ಆಟವನ್ನು ಆಡಿಸಬಾರದೆಂದೂ ವಿಧಿಸುತ್ತವೆ. ಹಸಿವಿನ ಮೂಲಕ ಒಪ್ಪಿಗೆ ಪಡೆಯುವಂತಿಲ್ಲ ಎಂಬ ಈ ಮಾತು ನಿರಾಕರಣೆಯ ಹಕ್ಕಿಗೆ ಕಾನೂನು ಕೊಟ್ಟ ಮೊದಲ ಮನ್ನಣೆಯೆಂದು ಭಾವಿಸಬಹುದು.

ಕರಾವಳಿಯ ಕಂಬಳದ ಪ್ರಶ್ನೆಯೂ ಇದೇ ನೆಲೆಯಲ್ಲಿ ಬಗೆಹರಿಯಬೇಕಾದುದು. 2014ರ ಮೇ 7ರಂದು ನಾಗರಾಜ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಪಂಚ ಸ್ವಾತಂತ್ರ್ಯಗಳನ್ನು ಕಾಯಿದೆಯೊಳಗೇ ಓದಿಕೊಂಡು ಜಲ್ಲಿಕಟ್ಟು ಮತ್ತು ಎತ್ತಿನ ಓಟಗಳನ್ನು ತಡೆಯಿತು. ಕರ್ನಾಟಕ ತನ್ನ 2017ರ ತಿದ್ದುಪಡಿಯಿಂದ ಕಂಬಳಕ್ಕೂ ಎತ್ತಿನಗಾಡಿ ಓಟಕ್ಕೂ ಅವಕಾಶ ಮಾಡಿಕೊಟ್ಟಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಮಾನ್ಯ ಮಾಡಿತು. ಪರಂಪರೆಗೆ ದೊರೆತ ಈ ಮನ್ನಣೆ ಬಾರುಕೋಲಿಗೆ ದೊರೆತ ಮನ್ನಣೆಯಲ್ಲ. ಗದ್ದೆಯಲ್ಲಿ ಓಟ ಮುಗಿಯುವ ಮಂಜೊಟ್ಟಿಯನ್ನು ಮುಟ್ಟುವ ಮೊದಲೇ ನಿಂತ ಕೋಣವನ್ನು ಹೊಡೆಯದೆ ಹೊರಗೆ ಕರೆತರುವ ಯಜಮಾನನೇ ಆ ಪರಂಪರೆಯ ನಿಜವಾದ ವಾರಸುದಾರ.

5. ಮುಕ್ತಾಯ

ಕಾನೂನಿನ ಬಲ ಮಾತ್ರ ಇನ್ನೂ ಬಹಳ ಕ್ಷೀಣವಾಗಿದೆ. 1960ರ ಕಾಯಿದೆಯ 11ನೆಯ ಕಲಮು ಮೊದಲ ಸಲದ ಕ್ರೌರ್ಯಕ್ಕೆ ವಿಧಿಸಿದ ದಂಡ 10ರಿಂದ 50 ರೂಪಾಯಿ. ಆರು ದಶಕ ದಾಟಿದ ಮೇಲೂ ಆ ಮೊತ್ತವನ್ನು ಕಾಲಕ್ಕೆ ತಕ್ಕಂತೆ ಏರಿಸದಿರುವುದು ಶಾಸನಸಭೆಗಳಿಗೆ ಶೋಭೆ ತರುವುದಿಲ್ಲ. ದಂಡ ಏರುವ ದಿನಕ್ಕೆ ಕಾಯದೆ ಆಗಬೇಕಾದ ಕೆಲಸವೂ ಒಂದಿದೆ. ಗೌರಿಕುಂಡದಿಂದ ಕೇದಾರನಾಥಕ್ಕೆ ಏರುವ ದಾರಿಯಲ್ಲಿ ಪ್ರತಿ ವರ್ಷವೂ ಕರ್ನಾಟಕದ ಯಾತ್ರಿಕರು ಹೇಸರಗತ್ತೆಯ ಬೆನ್ನೇರುತ್ತಾರೆ. ಅದು ಹೊರಬಹುದಾದ ಹೇರಿಗೆ ಇದೇ ಕಾಯಿದೆಯಡಿಯ 1965ರ ನಿಯಮಗಳು 200 ಕಿಲೋಗ್ರಾಂಗಳ ಮಿತಿ ಹಾಕಿವೆಯಾದರೂ ಎಷ್ಟನೆಯ ಸಲ ಅದು ಅದೇ ದಿನ ಬೆಟ್ಟ ಹತ್ತುತ್ತಿದೆ ಎಂದು ಕೇಳುವವರು ವಿರಳ. ಆ ಕಡಿದಾದ ತಿರುವಿನಲ್ಲಿ ಪ್ರಾಣಿ ನಿಂತರೆ ಅದು ಹಠವಲ್ಲವೆಂದು ಅರಿತು, ಕೋಲು ಎತ್ತಿದ ಕೈಯನ್ನು ತಡೆದು, ಇಳಿದು ನಾಲ್ಕು ಹೆಜ್ಜೆ ನಡೆಯುವುದು ಪ್ರತಿಯೊಬ್ಬ ಯಾತ್ರಿಕನಿಗೂ ಸಾಧ್ಯವಿರುವ ಕೆಲಸವಾಗಿದ್ದು, ಕನ್ನಡದ ಓದುಗರು ಅಷ್ಟನ್ನು ಮಾಡಬೇಕೆಂಬುದೇ ಈ ಉಪನ್ಯಾಸದ ಬಿನ್ನಹ.