ಕೊನೆಯವರು ಬರೋವರೆಗೆ ಕಾಫಿ ಇಲ್ಲ

(ಮೈಸೂರಿನ ಓಟಗಾರರ ಗುಂಪೊಂದರ ಉಸ್ತುವಾರಿ ನೋಡಿಕೊಳ್ಳುವ ಸದಸ್ಯೆಯೊಬ್ಬರು ಪಾಡ್‌ಕಾಸ್ಟ್‌ನಲ್ಲಿ ಆಡಿದ ಮಾತುಗಳ ಬರಹ ರೂಪ. ಅವರ ಕೋರಿಕೆಯಂತೆ ಗುಂಪಿನವರ ಹೆಸರುಗಳನ್ನು ಬಿಡಲಾಗಿದೆ.)

ಓಟದ ಬಗ್ಗೆ ಮಾತಾಡಿ ಅಂತ ಕರೆದಾಗ ನಾನು ಮೊದಲು ಹೇಳಿದ್ದೇ, ನನ್ನ ಟೈಮಿಂಗ್ ಮಾತ್ರ ಕೇಳಬೇಡಿ ಅಂತ. 43ನೇ ವಯಸ್ಸಿಗೆ ಓಡೋಕೆ ಶುರು ಮಾಡಿದವಳು ನಾನು. ಅದೂ ಶುಗರ್ ಬಾರ್ಡರ್‌ನಲ್ಲಿದೆ ಅಂತ ಡಾಕ್ಟರ್ ಹೆದರಿಸಿದ ಮೇಲೆ. ಆದ್ದರಿಂದ ಇವತ್ತು ನನ್ನ ಓಟದ ಕಥೆ ಅಲ್ಲ, ನಮ್ಮ ಗುಂಪಿನ ಕಥೆ. ಅದರಲ್ಲೂ ಕೊರೊನಾದ ಆ ಎರಡು ವರ್ಷದ ಕಥೆ.

ನಮ್ಮದು ದೊಡ್ಡ ಕ್ಲಬ್ ಏನಲ್ಲ. ರಿಜಿಸ್ಟ್ರೇಷನ್ ಇಲ್ಲ, ಫೀಸ್ ಇಲ್ಲ. ಒಂದು ವಾಟ್ಸ್ಆ್ಯಪ್ ಗ್ರೂಪು, ಅದರಲ್ಲಿ ಆಗ 38 ಜನ. ವಾರದ ದಿನಗಳಲ್ಲಿ ಕುಕ್ಕರಹಳ್ಳಿ ಕೆರೆ, ಭಾನುವಾರ ಚಾಮುಂಡಿ ಬೆಟ್ಟ. ಬ್ಯಾಂಕಿನವರು, ಸಾಫ್ಟ್‌ವೇರ್ ಹುಡುಗರು, ಒಬ್ಬ ಟೈಲ್ಸ್ ಅಂಗಡಿಯವರು, ಒಬ್ಬರು ಅನಸ್ತೇಷಿಯಾ ಡಾಕ್ಟರ್ ಮೇಡಂ, ಮತ್ತೆ ಒಬ್ಬರು ರಿಟೈರ್ಡ್ ಗಣಿತದ ಮೇಷ್ಟ್ರು. ಮೇಷ್ಟ್ರಿಗೆ ಆಗ 63. ಗುಂಪಿಗೆ ಇದ್ದದ್ದು ಒಂದೇ ನಿಯಮ. ಓಟ ಮುಗಿಸಿ ಎಲ್ಲರೂ ಒಟ್ಟಿಗೆ ಕಾಫಿ ಕುಡೀಬೇಕು. ಕೊನೆಯವರು ಬರೋವರೆಗೆ ಯಾರೂ ಹೋಟೆಲ್ ಒಳಗೆ ಹೋಗಂಗಿಲ್ಲ. ಈ ಕೊನೆಯವರು ಯಾವಾಗಲೂ ಮೇಷ್ಟ್ರೇ. ದೂರದಲ್ಲಿ ಅವರ ಬಿಳಿ ಕ್ಯಾಪ್ ಕಾಣಿಸಿದ ತಕ್ಷಣ ಯಾರಾದರೂ "ಬೆಲ್ ಆಯ್ತು" ಅಂತ ಕೂಗೋರು. ಮೇಷ್ಟ್ರು ಅಲ್ಲಿಂದಲೇ ಕೈ ಎತ್ತೋರು.

2020ರ ಮಾರ್ಚ್ 22, ಜನತಾ ಕರ್ಫ್ಯೂ, ಭಾನುವಾರ. ನಮಗೆ ಬೆಟ್ಟ ಹತ್ತೋ ದಿನ. ಒಂದು ಭಾನುವಾರ ತಾನೇ, ರೆಸ್ಟ್ ಸಿಕ್ತು ಅಂದ್ಕೊಂಡ್ವಿ. ಮುಂದಿನ ವಾರದ ಪ್ಲ್ಯಾನ್ ಕೂಡ ಗ್ರೂಪ್‌ಗೆ ಹಾಕಿದ್ದೆ ನಾನು. 25ರಿಂದ 21 ದಿನ ಲಾಕ್‌ಡೌನ್ ಅಂದಾಗಲೇ ಗೊತ್ತಾಗಿದ್ದು, ಇದು ಸುಲಭಕ್ಕೆ ಮುಗಿಯಲ್ಲ ಅಂತ.

ಆಗ ಫ್ರಾನ್ಸಿನಲ್ಲಿ ಒಬ್ಬರು ಏಳು ಮೀಟರ್ ಉದ್ದದ ಬಾಲ್ಕನಿಯಲ್ಲೇ ಪೂರ್ತಿ ಮ್ಯಾರಥಾನ್ ಓಡಿದ್ದು ಸುದ್ದಿಯಾಗಿತ್ತು. 42 ಕಿಲೋಮೀಟರ್, ಬಾಲ್ಕನಿಯಲ್ಲಿ! ಅದನ್ನ ಯಾರೋ ಗ್ರೂಪಿಗೆ ಹಾಕಿದರು ನೋಡಿ, ನಮ್ಮವರಿಗೆಲ್ಲ ಹುಚ್ಚು ಹಿಡೀತು. ಎಲ್ಲರೂ ತಾರಸಿ ಹತ್ತಿದರು. ನಾನೂ ಹತ್ತಿದೆ. ಒಂದು ಕಡೆ ಸಿಂಟೆಕ್ಸ್ ಟ್ಯಾಂಕು, ಒಂದು ಕಡೆ ಸೋಲಾರು, ಮಧ್ಯೆ ಬಟ್ಟೆ ಒಣಹಾಕೋ ತಂತಿ. ಜಿಪಿಎಸ್ ವಾಚಿಗೆ ಅಷ್ಟು ಸಣ್ಣ ಸುತ್ತು ಅರ್ಥವೇ ಆಗಲ್ಲ. ಮನೆಯಲ್ಲಿ ಹುಟ್ಟಿದ ಮಗು ಸ್ಲೇಟಿನ ಮೇಲೆ ಗೀಚಿದ ಹಾಗೆ ಏನೇನೋ ಗೆರೆ ತೋರಿಸೋದು. ಆಮೇಲೆ ಮೇಷ್ಟ್ರು ಫೋನ್ ಮಾಡಿ ಟೇಪ್ ಹಿಡಿದು ಅಳೆಯೋಕೆ ಹೇಳಿದರು. ನನ್ನ ತಾರಸಿಯ ಒಂದು ಸುತ್ತು 22 ಮೀಟರ್. "46 ಸುತ್ತು ಹಾಕಮ್ಮ, ಕಿಲೋಮೀಟರಿಗಿಂತ 12 ಮೀಟರ್ ಜಾಸ್ತಿ ಆಗುತ್ತೆ, ಅದು ದೇವರಿಗೆ" ಅಂದರು. ಲೆಕ್ಕ ತಪ್ಪದ ಹಾಗೆ ಪ್ರತಿ ಹತ್ತು ಸುತ್ತಿಗೆ ಒಂದು ಹುಣಸೆ ಬೀಜ ಈ ಬಟ್ಟಲಿಂದ ಆ ಬಟ್ಟಲಿಗೆ. ತಲೆ ತಿರುಗದ ಹಾಗೆ ಅರ್ಧ ಬಲಸುತ್ತು, ಅರ್ಧ ಎಡಸುತ್ತು. ನಾಲ್ಕನೇ ದಿನ ಕೆಳಗಿನ ಮನೆಯ ಆಂಟಿ ಬಾಗಿಲಲ್ಲೇ ನಿಂತು, "ಬೆಳಗಾಗೆದ್ದು ಮೇಲೆ ಏನಮ್ಮ ಕುಟ್ತಿದ್ದೀಯ?" ಅಂತ ಕೇಳಿದರು. ಅವತ್ತಿಂದ ಓಟ ಬಿಟ್ಟು ನಡಿಗೆ.

ಜಗಳವೂ ಆಯ್ತು. ಅದನ್ನ ಮುಚ್ಚಿಡಲ್ಲ. ಮೂವರು ಹುಡುಗರು ಬೆಳಗಿನ ಜಾವ ನಾಲ್ಕು ಗಂಟೆಗೆ ಕದ್ದು ರಿಂಗ್ ರೋಡಿಗೆ ಹೋಗ್ತಿದ್ದರು. ಹೋಗಲಿ, ಸುಮ್ಮನೆ ಇರಬೇಕಲ್ವಾ? ಸ್ಟ್ರಾವಾದಲ್ಲಿ ಮ್ಯಾಪ್ ಸಮೇತ ಹಾಕ್ಕೊಂಡರು. ಒಂದು ದಿನ ಪೊಲೀಸರು ನಿಲ್ಲಿಸಿ ಬಸ್ಕಿ ಹೊಡೆಸಿದರು. ಅದನ್ನೂ ತಮಾಷೆಯಾಗಿ ಗ್ರೂಪಿಗೆ ಹಾಕಿದರು, ಇವತ್ತಿನ ಸ್ಟ್ರೆಂತ್ ಟ್ರೈನಿಂಗ್ ಅಂತ. ಡಾಕ್ಟರ್ ಮೇಡಂ ಆಗ ಪಿಪಿಇ ಹಾಕ್ಕೊಂಡು ಎಂಟೆಂಟು ಗಂಟೆ ನೀರು ಕುಡೀದೆ ಡ್ಯೂಟಿ ಮಾಡ್ತಿದ್ದವರು. ಅವರಿಗೆ ಹೇಗಾಗಿರಬೇಡ? ಒಂದೇ ಒಂದು ಸಾಲು ಬರೆದು ಗ್ರೂಪಿಂದ ಹೊರಗೆ ಹೋದರು. ಹುಡುಗರೂ, "ಯಾರೂ ಇಲ್ಲದ ರಸ್ತೇಲಿ ಓಡಿದರೆ ಯಾರಿಗೆ ಏನು ತೊಂದರೆ?" ಅಂತ ವಾದ ಮಾಡಿ ಹೊರಟರು. ಅಡ್ಮಿನ್ ಆಗಿ ನಾನು ಮಾಡಿದ್ದೇನು ಗೊತ್ತಾ? ಏನೂ ಇಲ್ಲ. ಯಾರನ್ನೂ ನೋಯಿಸಬಾರದು ಅಂತ ಒಂದು ನಮಸ್ಕಾರದ ಇಮೋಜಿ ಹಾಕಿದೆ. ಈಗಲೂ ಆ ಇಮೋಜಿ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ. ಎರಡು ತಿಂಗಳು ಬಿಟ್ಟು ಮೇಡಂ ಮನೆ ಗೇಟಿನ ಹತ್ತಿರ ನಿಂತು ಮಾತಾಡಿಸಿ ಕರ್ಕೊಂಡು ಬಂದೆ. ಹುಡುಗರಲ್ಲಿ ಇಬ್ಬರು ವಾಪಸ್ ಬಂದರು.

ಮೇ 19ರಿಂದ ಪಾರ್ಕುಗಳನ್ನ ಬೆಳಿಗ್ಗೆ 7ರಿಂದ 9 ತೆಗೀತೀವಿ ಅಂದರು. ಮೇ ತಿಂಗಳಲ್ಲಿ 7 ಗಂಟೆ ಅಂದರೆ ಓಡೋರಿಗೆ ಮಧ್ಯಾಹ್ನ ಇದ್ದ ಹಾಗೆ. ಆದರೂ ಹೋದ್ವಿ. ಜುಲೈ 5ರಿಂದ ಮತ್ತೆ ಪ್ರತಿ ಭಾನುವಾರ ರಾಜ್ಯಪೂರ್ತಿ ಲಾಕ್‌ಡೌನ್. ವಾರದಲ್ಲಿ ಏಳು ದಿನ ಇದೆ, ಅವರಿಗೆ ನಮ್ಮ ಬೆಟ್ಟದ ದಿನವೇ ಬೇಕಿತ್ತಾ! ನಾಲ್ಕು ಭಾನುವಾರ ಹಾಗೇ ಹೋಯ್ತು. ಮಾಸ್ಕ್ ಹಾಕ್ಕೊಂಡು ಓಡಬೇಕಾ ಬೇಡವಾ ಅನ್ನೋ ಚರ್ಚೆ ಬೇರೆ. ವ್ಯಾಯಾಮ ಮಾಡುವಾಗ ಮಾಸ್ಕ್ ಬೇಡ, ದೂರ ಇರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದನ್ನ ತೋರಿಸಿದರೆ ರಸ್ತೇಲಿ ನಿಲ್ಲಿಸಿದವರು ಕೇಳ್ತಾರಾ? ಗಲ್ಲಕ್ಕೆ ಇಳಿಸಿಕೊಂಡು ಓಡೋದು, ಯಾರಾದರೂ ಕಂಡರೆ ಮೇಲೆಳೆಯೋದು. ಎಲ್ಲರೂ ಅದನ್ನೇ ಮಾಡಿದ್ದು.

ಆ ವರ್ಷ ಜಂಬೂ ಸವಾರಿಯನ್ನ ಅರಮನೆ ಒಳಗೇ ಮುಗಿಸಿದರು. ಪ್ರತಿ ವರ್ಷ ಸವಾರಿ ದಿನ ಬ್ಯಾರಿಕೇಡ್ ಹಾಕೋಕೆ ಮುಂಚೆ ಅರಮನೆಯಿಂದ ಬನ್ನಿಮಂಟಪದವರೆಗೆ ಓಡೋದು ನಮ್ಮ ಪದ್ಧತಿ. 2020ರಲ್ಲೂ ಏಳು ಜನ ಓಡಿದ್ವಿ. ಹಿಂದಿನ ವರ್ಷಗಳಲ್ಲಿ ಐದು ಗಂಟೆಗೇ ಚಾಪೆ, ಕುರ್ಚಿ ಹಾಕ್ಕೊಂಡು ಜಾಗ ಹಿಡಿದವರು ನಮ್ಮನ್ನ ನೋಡಿ, "ಆನೆ ಬರೋಕೆ ಮುಂಚೆ ಇವರು ಬಂದ್ರು ನೋಡು" ಅಂತ ರೇಗಿಸೋರು. ಆ ವರ್ಷ ರಸ್ತೇಲಿ ನಮ್ಮ ಶೂ ಸದ್ದು ಬಿಟ್ಟರೆ ಏನೂ ಇಲ್ಲ.

ವರ್ಚುವಲ್ ರೇಸ್‌ಗಳ ಬಗ್ಗೆ ನನ್ನದು ಸ್ವಲ್ಪ ತಕರಾರಿದೆ. ಬೆಂಗಳೂರಿನ 10ಕೆ ಡಿಸೆಂಬರ್ 20ಕ್ಕೆ ನಡೀತು. ಎಲೀಟ್ ಓಟಗಾರರು ರಸ್ತೆಯಲ್ಲಿ, ನಮ್ಮಂಥವರು ಆ್ಯಪ್ ಹಾಕ್ಕೊಂಡು ಅವರವರ ಊರಲ್ಲಿ. ಕೆಲವರಿಗೆ ಅದರಿಂದ ಹುರುಪು ಬಂತು, ಇಲ್ಲ ಅನ್ನಲ್ಲ. ಆದರೆ ಆಮೇಲಾಮೇಲೆ ವಾರಕ್ಕೊಂದು ಚಾಲೆಂಜು, ನೂರು ದಿನದ್ದೊಂದು, ದುಡ್ಡು ಕಟ್ಟಿದರೆ ಕೊರಿಯರ್‌ನಲ್ಲಿ ಮೆಡಲ್. ನಮ್ಮ ಮನೆಯಲ್ಲಿ ಒಂದು ಮೆಡಲ್ ಈಗ ಗ್ಯಾಸ್ ಪಾಸ್‌ಬುಕ್ ನೇತಾಕೋ ಮೊಳೆಯಲ್ಲಿದೆ. ಯಾವ ಓಟದ್ದು ಅಂತ ಓದಿದರೇ ನೆನಪಾಗೋದು. ಈ ಚಾಲೆಂಜುಗಳಿಗೆ ನಾನೊಂದು ಎಕ್ಸೆಲ್ ಶೀಟ್ ಮಾಡಿಟ್ಟಿದ್ದೆ. ಯಾರು ಎಷ್ಟು ಕಿಲೋಮೀಟರ್ ಅಂತ ಪ್ರತಿ ರಾತ್ರಿ ತುಂಬೋದು.

ಆ ಶೀಟಿನ ವಿಷಯಕ್ಕೇ ಬರ್ತೀನಿ.

2021ರ ಏಪ್ರಿಲ್ 10ಕ್ಕೆ ಮೈಸೂರಿಗೆ ನೈಟ್ ಕರ್ಫ್ಯೂ ಬಂತು. 27ರ ರಾತ್ರಿಯಿಂದ ಮತ್ತೆ ಲಾಕ್‌ಡೌನ್. ಮೊದಲನೇ ಅಲೆಯಲ್ಲಿ ನಮ್ಮ ಗುಂಪಿನಲ್ಲಿ ನಾಲ್ಕು ಜನಕ್ಕೆ ಬಂದು ಹೋಗಿತ್ತು, ಅಷ್ಟೆ. ಎರಡನೇ ಅಲೆಯಲ್ಲಿ ಮೂರು ವಾರಕ್ಕೆ 17 ಜನ. ಓಡೋರಿಗೆ ಏನೂ ಆಗಲ್ಲ ಅನ್ನೋ ಒಂದು ಜಂಬ ನಮಗಿತ್ತು. ಅದೇ ನಮಗೆ ಮುಳುವಾಯ್ತು ಅಂತ ಡಾಕ್ಟರ್ ಮೇಡಂ ಈಗಲೂ ಬೈತಾರೆ.

ಅವರೇ ಒಂದು ರಾತ್ರಿ ಹನ್ನೊಂದು ಗಂಟೆಗೆ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದರು. "ಮನೇಲಿ ಐಸೊಲೇಷನ್‌ನಲ್ಲಿ ಇರೋರೆಲ್ಲ ಕೇಳಿ. ಕೂತ್ಕೊಂಡು ಆಕ್ಸಿಮೀಟರ್ ನೋಡಿ. ಆಮೇಲೆ ಮನೆ ಒಳಗೇ ನಿಲ್ಲಿಸದೆ ಆರು ನಿಮಿಷ ನಡೀರಿ. ಮತ್ತೆ ನೋಡಿ. 94ಕ್ಕಿಂತ ಕೆಳಗೆ ಹೋದ್ರೆ, ಇಲ್ಲಾ ಮೊದಲಿಗಿಂತ ಮೂರಕ್ಕಿಂತ ಜಾಸ್ತಿ ಇಳಿದ್ರೆ ನನಗೆ ಫೋನ್ ಮಾಡಿ, ಎಷ್ಟೊತ್ತಾದ್ರೂ ಸರಿ. ಅರವತ್ತು ದಾಟಿದವರು ಮೂರು ನಿಮಿಷ ನಡೆದರೆ ಸಾಕು. ಕೂತಾಗಲೇ ಏದುಸಿರು ಇದ್ದರೆ ನಡೆಯೋದೇ ಬೇಡ." ಕೊನೆಗೆ ಇನ್ನೊಂದು ಹೇಳಿದರು. ಕೂತಾಗ ಚೆನ್ನಾಗಿದೆ ಅಂತ ನಂಬಬೇಡಿ, ಈ ಕಾಯಿಲೆಯಲ್ಲಿ ಆಕ್ಸಿಜನ್ ಇಳೀತಿದ್ದರೂ ಕೆಲವರಿಗೆ ಉಸಿರುಗಟ್ಟಿದ ಹಾಗೆ ಅನ್ನಿಸೋದೇ ಇಲ್ಲ ಅಂತ.

ಅವತ್ತಿಂದ ನನ್ನ ಶೀಟಿನಲ್ಲಿ ಕಿಲೋಮೀಟರ್ ಕಾಲಂ ಹೋಗಿ ಎರಡು ಕಾಲಂ ಬಂತು. ನಡೆಯೋಕೆ ಮುಂಚೆ, ನಡೆದ ಮೇಲೆ. ಬೆಳಿಗ್ಗೆ, ಸಂಜೆ. ಅದರಲ್ಲೂ ತಮಾಷೆಗಳಿದ್ದವು. ನಮ್ಮ ಒಬ್ಬ ಹುಡುಗನ ನಾಡಿ ಬಡಿತ ಯಾವಾಗಲೂ 48, ಹಾಳಾದ್ದು ಆಕ್ಸಿಮೀಟರ್ ಕೂಗಿಕೊಳ್ಳೋದು, ಅವರಮ್ಮ ಹೆದರಿ ಅಳೋರು. ಇನ್ನೊಬ್ಬರಿಗೆ 88 ಬಂತು ಅಂತ ಎಲ್ಲರೂ ಓಡಾಡಿದ ಮೇಲೆ ಗೊತ್ತಾಯ್ತು, ನೇಲ್ ಪಾಲಿಶ್ ತೆಗೆದಿರಲಿಲ್ಲ.

ಮೇಷ್ಟ್ರಿಗೆ ಮೇ ಮೊದಲ ವಾರ ಪಾಸಿಟಿವ್ ಬಂತು. ಚಾಮರಾಜನಗರದ ಆಸ್ಪತ್ರೆಯಲ್ಲಿ ಒಂದೇ ರಾತ್ರಿ 24 ಜನ ಹೋದರು ಅನ್ನೋ ಸುದ್ದಿ ಬಂದ ವಾರ ಅದು. ಮೇಷ್ಟ್ರು ಮೊದಲ ಎರಡು ದಿನ ಶಿಸ್ತಾಗಿ ಕಳಿಸಿದರು. 97, 97. 97, 96. ಮೂರನೇ ದಿನ ಒಂದೇ ನಂಬರ್ ಬಂತು, 96. ಎರಡನೇ ಕಾಲಂ ಖಾಲಿ. ನಾನು ನೋಡಿದೆ. ನೋಡಿಯೂ ಸುಮ್ಮನಿದ್ದೆ. ಮೇಷ್ಟ್ರನ್ನ, "ಎರಡನೇ ಉತ್ತರ ಯಾಕೆ ಬರೆದಿಲ್ಲ?" ಅಂತ ಕೇಳೋದು ಹೇಗೆ? ನನಗಿಂತ ಹಿರಿಯರು, ಲೆಕ್ಕ ಕಲಿಸಿದವರು. ಮರೆತಿರಬೇಕು ಅಂದ್ಕೊಂಡೆ. ಸಂಜೆಯೂ ಒಂದೇ ನಂಬರ್. 95.

ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಆರಕ್ಕೆ ಫೋನ್ ಮಾಡಿದೆ. ಅವರು ಎತ್ತಿ, "ನನಗೇನಾಗಿದೆಯಮ್ಮ, ಚೆನ್ನಾಗಿದ್ದೀನಿ" ಅಂದರು. ದನಿ ಚೆನ್ನಾಗೇ ಇತ್ತು. ಮನೆಯವರಿಗೆ ಕೊಡಿ ಸಾರ್ ಅಂದೆ. ಅವರ ಮನೆಯವರು ಪಕ್ಕದ ರೂಮಿಗೆ ಹೋಗಿ ಹೇಳಿದರು, "ಎರಡು ನಿಮಿಷ ನಡೆದು ಮಂಚದ ಮೇಲೆ ಕೂತುಬಿಡ್ತಾರೆ ಕಣಮ್ಮ. ನಿನ್ನೆ 91 ತೋರಿಸ್ತು. ಯಾರಿಗೂ ಹೇಳಬೇಡ, ಹುಡುಗರು ಗಾಬರಿ ಆಗ್ತಾರೆ ಅಂದರು."

ಆಮೇಲಿನದನ್ನ ನಿಮಗೆಲ್ಲ ವಿವರಿಸಬೇಕಿಲ್ಲ. ಆ ತಿಂಗಳು ಬೆಡ್ ಹುಡುಕದ ಮನೆ ಯಾವುದಿತ್ತು? ಸಹಾಯವಾಣಿ ಬ್ಯುಸಿ, ಒಂದು ಕಡೆ ಬೆಡ್ ಇದೆ ಆಕ್ಸಿಜನ್ ಇಲ್ಲ, ಇನ್ನೊಂದು ಕಡೆ ನಾಳೆ ಬನ್ನಿ. 14 ಜನ ಊರನ್ನ ಹಂಚ್ಕೊಂಡು ಫೋನ್ ಹಚ್ಚಿದ್ವಿ. ನಾಲ್ಕು ಗಂಟೆಗೆ ರಿಂಗ್ ರೋಡಲ್ಲಿ ಓಡಿ ಬಸ್ಕಿ ಹೊಡೆದಿದ್ದನಲ್ಲ, ಅವನೇ ಬೈಕಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಬಾಗಿಲಲ್ಲಿ ನಿಂತು ಕೇಳ್ಕೊಂಡು ಬಂದ. ರಾತ್ರಿ ಎರಡೂವರೆಗೆ ಒಂದು ಬೆಡ್ ಸಿಕ್ತು. ಮೇಷ್ಟ್ರು 19 ದಿನ ಇದ್ದು ಬಂದರು. ನಾನು ಆ ಒಂದು ದಿನ ಸುಮ್ಮನಿರದೆ ಕೇಳಿಬಿಟ್ಟಿದ್ದರೆ 19ರ ಬದಲು ಆರೋ ಏಳೋ ದಿನಕ್ಕೆ ಮುಗೀತಿತ್ತಾ? ಡಾಕ್ಟರ್ ಮೇಡಂನ ಕೇಳಿದ್ದೆ. ಅವರು ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

ನಮ್ಮ ಗುಂಪಿನ ಇಬ್ಬರು ಆ ತಿಂಗಳು ಹೋದರು. ಅವರ ಮನೆಯವರನ್ನ ಕೇಳದೆ ಇಲ್ಲಿ ಅವರ ಬಗ್ಗೆ ಮಾತಾಡೋದು ಸರಿಯಲ್ಲ. ಅವರ ನಂಬರ್‌ಗಳು ಇನ್ನೂ ಗ್ರೂಪಿನಲ್ಲಿವೆ.

ಜೂನ್ 14ಕ್ಕೆ 19 ಜಿಲ್ಲೆಗಳಲ್ಲಿ ಬೆಳಿಗ್ಗೆ ಐದಕ್ಕೇ ಪಾರ್ಕ್ ತೆಗೆದರು. ಮೈಸೂರು ಆ ಪಟ್ಟಿಯಲ್ಲಿ ಇರಲಿಲ್ಲ. ನಮಗೆ ಅದರಿಂದ ಒಳ್ಳೆಯದೇ ಆಯ್ತು, ಯಾಕಂದ್ರೆ ಕಾಯಿಲೆ ಬಿದ್ದೆದ್ದವರೆಲ್ಲ ಶೂ ಕಟ್ಕೊಂಡು ಕಾಯ್ತಿದ್ದರು. ಹೃದಯದ ಸ್ನಾಯುವಿಗೆ ಉರಿಯೂತ ಆಗಿರಬಹುದು, ಗೊತ್ತಿಲ್ಲದೆ ಓಡಿದರೆ ಅಪಾಯ ಅಂತ ಮೇಡಂ ಒಬ್ಬೊಬ್ಬರನ್ನೂ ತಡೆದರು. ಮಾತಾಡಿಕೊಂಡು ಅರ್ಧ ಗಂಟೆ ಆರಾಮಾಗಿ ನಡೆಯೋಕೆ ಆಗೋವರೆಗೂ ಓಟದ ಮಾತೇ ಇಲ್ಲ.

ಮೇಷ್ಟ್ರು ವಾಪಸ್ ಬಂದಿದ್ದು ನವೆಂಬರ್‌ನಲ್ಲಿ. ಓಟ ಅಲ್ಲ, ನಡಿಗೆ. ಕೆರೆಯ ಅರ್ಧ ದಾರಿಗೆ ನಾಲ್ಕು ಕಡೆ ಕೂರೋರು. ನಮ್ಮ ನಿಯಮ ಇತ್ತಲ್ಲ, ಕೊನೆಯವರು ಬರೋವರೆಗೆ ಕಾಯೋದು? ಮೊದಲೆಲ್ಲ ಹತ್ತು ನಿಮಿಷ ಕಾಯ್ತಿದ್ದೆವು. ಈಗ 40 ನಿಮಿಷ. ಮೊದಲ ವಾರ ಎಲ್ಲರೂ ಕಾದರು, ಚಪ್ಪಾಳೆ ತಟ್ಟಿದರು, ಫೋಟೋ ತೆಗೆದರು. ಮೂರನೇ ವಾರ ಒಬ್ಬರಿಗೆ ಆಫೀಸು, ಒಬ್ಬರಿಗೆ ಮಕ್ಕಳ ಸ್ಕೂಲು. ಐದನೇ ವಾರ ನಾಲ್ಕೇ ಜನ ಉಳಿದ್ವಿ. ಬೆಡ್‌ಗೋಸ್ಕರ ರಾತ್ರಿಯೆಲ್ಲ ಎದ್ದಿದ್ದವರೇ ಇವರು. ಕಾಫಿಗೆ 40 ನಿಮಿಷ ಕಾಯೋಕೆ ಆಗಲಿಲ್ಲ. ನನಗೆ ತುಂಬಾ ಸಿಟ್ಟು ಬಂತು, ಗ್ರೂಪಿನಲ್ಲಿ ಉದ್ದಕ್ಕೆ ಬರೆದೆ, ಈ ಸಲ ಇಮೋಜಿ ಹಾಕಲಿಲ್ಲ. ಬರೆದು ಅಳಿಸಿದೆ. ಯಾಕಂದ್ರೆ ಮಾರನೇ ವಾರ ನನಗೂ ಬ್ಯಾಂಕಲ್ಲಿ ಆಡಿಟ್ ಇತ್ತು, ನಾನೂ ಬೇಗ ಹೊರಟೆ.

2022ರ ಮಳೆಗಾಲ ಕಳೆದ ಮೇಲೆ ಮೇಷ್ಟ್ರು ಬೆಟ್ಟಕ್ಕೂ ಬರೋಕೆ ಶುರು ಮಾಡಿದರು. ಮೆಟ್ಟಿಲು ಹತ್ತಿ ನಂದಿಯವರೆಗೆ, ಅಲ್ಲಿಂದ ವಾಪಸ್. ಆಶ್ಚರ್ಯ ಅಂದ್ರೆ ನಾವು ಇಳಿದು ಬರೋ ಹೊತ್ತಿಗೆ ಅವರೂ ಪಾದದ ಹತ್ತಿರ ಸಿಗ್ತಿದ್ದರು, ಐದು ನಿಮಿಷ ಹಿಂದೆ ಮುಂದೆ. ಪರವಾಗಿಲ್ಲ, ಮೇಷ್ಟ್ರು ಚೇತರಿಸ್ಕೊಂಡ್ರು ಅಂತ ಎಲ್ಲರಿಗೂ ಖುಷಿ. ಮತ್ತೆ ಎಲ್ಲರೂ ನಿಲ್ಲೋಕೆ ಶುರು ಮಾಡಿದರು, ಬೆಲ್ ಆಯ್ತು ಅನ್ನೋ ಕೂಗು ಮತ್ತೆ ಬಂತು.

ಒಂದು ಭಾನುವಾರ ಊರಿಂದ ಬಂದ ಬಸ್ ಬೇಗ ತಲುಪಿ ನಾನು ನೇರ ಬೆಟ್ಟದ ಪಾದಕ್ಕೇ ಹೋದೆ. ಇನ್ನೂ ಪೂರ್ತಿ ಕತ್ತಲು. ಅಲ್ಲಿ ಹೂವು ಮಾರೋ ಅಮ್ಮ ಬುಟ್ಟಿ ಇಳಿಸ್ತಿದ್ದರು. "ನಿಮ್ಮ ತಾತ ಆಗಲೇ ಹತ್ತಿ ಹೋದರಲ್ಲ" ಅಂದರು. ಯಾವ ತಾತ ಅಂದೆ. "ಬಿಳಿ ಟೋಪಿ ತಾತ. ನೀವೆಲ್ಲ ಬರೋಕೆ ಮುಕ್ಕಾಲು ಗಂಟೆ ಮುಂಚೆನೇ ಬರ್ತಾರಲ್ಲ, ಪ್ರತಿ ವಾರ. ನನ್ನ ಬುಟ್ಟಿ ಇಳಿಸಿಕೊಟ್ಟು ಟಾರ್ಚ್ ಹಾಕ್ಕೊಂಡು ಹೋಗ್ತಾರೆ."

ಇದನ್ನ ನಾನು ಮೇಷ್ಟ್ರ ಹತ್ತಿರ ಕೇಳಿಲ್ಲ, ಗ್ರೂಪಿನಲ್ಲೂ ಹೇಳಿಲ್ಲ. ಅವರು ಪಾಡ್‌ಕಾಸ್ಟ್ ಎಲ್ಲ ಕೇಳಲ್ಲ ಅನ್ನೋ ಧೈರ್ಯದ ಮೇಲೆ ಇವತ್ತು ಹೇಳಿದ್ದೀನಿ. ಈ ಭಾನುವಾರವೂ ಬೆಟ್ಟ ಇದೆ, ಐದೂಕಾಲಿಗೆ. ಮೈಸೂರಿನವರು ಯಾರಾದರೂ ಬರೋದಾದರೆ ಬನ್ನಿ.